ಅಮೆರಿಕಕ್ಕೆ ಬರುವ ಅಪ್ಪ ಅಮ್ಮಂದಿರಿಗೆ: ಇಲ್ಲಿನ ದಿನನಿತ್ಯದ ರೂಢಿಗಳು, ಒಂದೊಂದಾಗಿ

ಮಗನ ಮನೆ ನೋಡಲೆಂದೋ ಮಗಳ ಬಾಣಂತನಕ್ಕೆಂದೋ ಅಮೆರಿಕಕ್ಕೆ ಬರುವ ಹಿರಿಯರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಊರಿನಲ್ಲಿ ಬ್ಯಾಂಕು, ತಾಲ್ಲೂಕು ಕಚೇರಿ, ಮದುವೆ ಛತ್ರ ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು ಇಲ್ಲಿ ಎರಡನೇ ವಾರಕ್ಕೆ ಸೋಫಾ ಬಿಟ್ಟು ಏಳುವುದಿಲ್ಲ. ಭಾಷೆ ಸರಿಯಾಗಿ ಬರುವುದಿಲ್ಲ ಅಂತ ಕಾರಣ ಕೊಡುತ್ತಾರೆ. ಆದರೆ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರೂ ಹೀಗೇ ಕೂತಿರುತ್ತಾರೆ. ಅವರನ್ನು ಕಟ್ಟಿಹಾಕುವುದು ಭಾಷೆಗಿಂತ ಜಾಸ್ತಿ ಇಲ್ಲಿನ ಸಣ್ಣಪುಟ್ಟ ರೂಢಿಗಳು. ಬೆಲೆ ಚೀಟಿಯಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು. ರಸ್ತೆ ದಾಟಲು ಗುಂಡಿ ಒತ್ತಬೇಕು. ಗುರುತಿಲ್ಲದವರು ನಕ್ಕು ಹೋಗುತ್ತಾರೆ. ಇದನ್ನೆಲ್ಲ ಯಾರೂ ಹೇಳಿಕೊಡುವುದಿಲ್ಲ. ಇಲ್ಲಿ ಇದ್ದು ರೂಢಿಯಾದವರಿಗೆ ಇದು ಹೇಳಬೇಕಾದ ವಿಷಯ ಅಂತಲೇ ಹೊಳೆಯುವುದಿಲ್ಲ.

ಬಂದ ಮೇಲೆ ಯಾವ ಕ್ರಮದಲ್ಲಿ ಎದುರಾಗುತ್ತವೋ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಬರೆದಿದ್ದೇನೆ. ಸಾಧ್ಯವಾದ ಕಡೆ ಕಾರಣವನ್ನೂ ಹೇಳಿದ್ದೇನೆ. ಕಾರಣ ಗೊತ್ತಿದ್ದರೆ ಬಾಯಿಪಾಠ ಮಾಡುವ ಕೆಲಸವಿಲ್ಲ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ನೀವಿಬ್ಬರೇ ಬಾಗಿಲು ಹಾಕಿಕೊಂಡು ಹೊರಟು, ಒಂದು ಕಾಫಿ ಕುಡಿದು, ಲೈಬ್ರರಿಯಲ್ಲಿ ಕೂತು ವಾಪಸ್ ಬರುವಂತಾಗಬೇಕು. ಅದೇ ಈ ಬರಹದ ಗುರಿ.

1. ಸೂಟ್‌ಕೇಸ್ ಕಟ್ಟುವಾಗಲೇ

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಆಹಾರ ಪದಾರ್ಥ ಇದೆಯಾ ಅಂತ ಕೇಳಿದರೆ "ಇದೆ" ಅನ್ನಿ. ಇದ್ದುದನ್ನು ಇದೆ ಅಂದವರಿಗೆ ದಂಡ ಬೀಳುವುದಿಲ್ಲ. ಬಿಡದ ವಸ್ತು ಏನಾದರೂ ಇದ್ದರೆ ಅದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ, ಅಷ್ಟೇ. ಇಲ್ಲ ಅಂದು ಆಮೇಲೆ ಸಿಕ್ಕಿದರೆ ದಂಡ ಕಟ್ಟಬೇಕಾಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಕೋಡುಬಳೆಯಂಥವಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಹಸಿ ಹಣ್ಣು, ಮಾಂಸ, ಬಿತ್ತನೆ ಬೀಜ ಬೇಡ. ಕರಿಬೇವಂತೂ ಬೇಡವೇ ಬೇಡ. ಕರಿಬೇವು ನಿಂಬೆ ಕಿತ್ತಳೆಯ ಕುಟುಂಬದ ಗಿಡ. ಅದರ ಎಲೆಯಲ್ಲಿ ಕೂತು ಬರುವ ಒಂದು ಪುಟ್ಟ ಹುಳು ಕಿತ್ತಳೆ ಗಿಡಗಳಿಗೆ ರೋಗ ಹರಡುತ್ತದೆ. ಫ್ಲಾರಿಡಾದ ಕಿತ್ತಳೆ ತೋಟಗಳು ಆ ರೋಗದಿಂದ ತುಂಬ ನಷ್ಟ ಅನುಭವಿಸಿವೆ.

ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಸಾಲುವಷ್ಟು ತನ್ನಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಇಲ್ಲಿ ಅಂಗಡಿಗೆ ಹೋಗಿ ಹೆಸರು ಹೇಳಿ ಆ್ಯಂಟಿಬಯಾಟಿಕ್ ಕೊಳ್ಳಲು ಆಗುವುದಿಲ್ಲ. ಇಲ್ಲಿನ ಡಾಕ್ಟರೇ ಬರೆದುಕೊಡಬೇಕು. ಪ್ರಯಾಣದ ಆರೋಗ್ಯ ವಿಮೆ ಇಲ್ಲದೆ ಹೊರಡಬೇಡಿ.

ಮಿಕ್ಸಿ ತರಬೇಡಿ. ಇಲ್ಲಿ ಮನೆಗಳಿಗೆ ಬರುವ ಕರೆಂಟು 120 ವೋಲ್ಟ್, ನಮ್ಮದು 230. ನಮ್ಮ ಮಿಕ್ಸಿ ಇಲ್ಲಿ ಸರಿಯಾಗಿ ತಿರುಗುವುದಿಲ್ಲ. 110 ವೋಲ್ಟಿನ ಮಿಕ್ಸಿ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ. ಫೋನ್ ಚಾರ್ಜರ್‌ಗೆ ತೊಂದರೆಯಿಲ್ಲ. ಪಿನ್ ಬದಲಿಸುವ ಅಡಾಪ್ಟರ್ ಒಂದಿದ್ದರೆ ಸಾಕು.

2. ಮನೆಯೊಳಗೆ ಮೊದಲ ದಿನ

ಸ್ವಿಚ್ ಮೇಲಕ್ಕೆ ಒತ್ತಿದರೆ ದೀಪ ಹತ್ತುತ್ತದೆ, ಕೆಳಕ್ಕೆ ಒತ್ತಿದರೆ ಆರುತ್ತದೆ. ನಮ್ಮಲ್ಲಿಯದಕ್ಕೆ ಪೂರ್ತಿ ಉಲ್ಟಾ. ಕೆಲವು ರೂಮುಗಳಲ್ಲಿ ಮೇಲ್ಛಾವಣಿಗೆ ದೀಪವೇ ಇರುವುದಿಲ್ಲ. ಗೋಡೆಯ ಸ್ವಿಚ್ಚು ಪ್ಲಗ್ಗಿಗೆ ಸೇರಿರುತ್ತದೆ, ಅಲ್ಲಿಗೆ ನಿಲ್ಲಿಸುವ ದೀಪ ಚುಚ್ಚಿರುತ್ತಾರೆ. ಆ ದೀಪವನ್ನು ದೀಪದಲ್ಲೇ ಆರಿಸಿದರೆ ಆಮೇಲೆ ಗೋಡೆಯ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಕೆಟ್ಟುಹೋಯಿತು ಅಂತ ಗಾಬರಿಯಾಗಬೇಡಿ.

ಬಚ್ಚಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಜಾಸ್ತಿ ಕಿರಿಕಿರಿ ಆಗುವುದು ಇಲ್ಲೇ. ಇಲ್ಲಿನ ಬಾತ್‌ರೂಮಿನ ನೆಲದಲ್ಲಿ ನೀರು ಹೋಗುವ ತೂತು ಇರುವುದಿಲ್ಲ. ನೀರು ಹೋಗುವ ದಾರಿ ಇರುವುದು ಟಬ್ಬಿನ ಒಳಗೆ ಮಾತ್ರ. ಮನೆ ಕಟ್ಟಿರುವುದೂ ಬಹುತೇಕ ಮರದಲ್ಲಿ. ಹೊರಗೆ ಚೆಲ್ಲಿದ ನೀರು ನೆಲದೊಳಗೆ ಇಳಿದು ಕೆಳಗಿನ ಮನೆಯ ಛಾವಣಿಗೆ ಹೋಗುತ್ತದೆ. ಆದ್ದರಿಂದ ಸ್ನಾನ ಶುರು ಮಾಡುವ ಮುಂಚೆ ಪರದೆಯ ಕೆಳಗಿನ ಅಂಚನ್ನು ಟಬ್ಬಿನ ಒಳಗೆ ಇಳಿಬಿಡಿ. ಹೊರಗಿದ್ದರೆ ನೀರೆಲ್ಲ ಪರದೆಗುಂಟ ನೆಲಕ್ಕೆ ಇಳಿಯುತ್ತದೆ. ಬಕೆಟ್ ಚೊಂಬು ಇಲ್ಲದೆ ಸ್ನಾನ ಆದಂತೆ ಅನ್ನಿಸುವುದಿಲ್ಲವಾದರೆ ಅವನ್ನೂ ಟಬ್ಬಿನೊಳಗೇ ಇಟ್ಟುಕೊಳ್ಳಿ. ಟಬ್ಬಿನ ತಳ ಜಾರುತ್ತದೆ, ಅಂಚೂ ಎತ್ತರ. ಮಂಡಿನೋವು ಇರುವವರು ಒಳಗೆ ಹಾಸುವ ರಬ್ಬರ್ ಮ್ಯಾಟ್ ಮೊದಲೇ ತರಿಸಿಡಲು ಮಕ್ಕಳಿಗೆ ಹೇಳಿ. ಸ್ನಾನ ಮುಗಿದ ಮೇಲೂ ಸ್ವಲ್ಪ ಹೊತ್ತು ಫ್ಯಾನ್ ಓಡುತ್ತಿರಲಿ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಟಾಯ್ಲೆಟ್‌ನಲ್ಲಿ ನೀರಿನ ವ್ಯವಸ್ಥೆ ಇರುವುದಿಲ್ಲ, ಕಾಗದ ಮಾತ್ರ. ಕಮೋಡಿಗೆ ಜೋಡಿಸುವ ನೀರಿನ ಪೈಪು ಇಲ್ಲಿಯೂ ಸಿಗುತ್ತದೆ. ಭಾರತೀಯರ ಮನೆಗಳಲ್ಲಿ ಬಹಳ ಕಡೆ ಹಾಕಿಸಿಕೊಂಡಿರುತ್ತಾರೆ. ನಿಮ್ಮ ಮಕ್ಕಳ ಮನೆಯಲ್ಲಿ ಇಲ್ಲದಿದ್ದರೆ ಬರುವ ಮೊದಲೇ ಹಾಕಿಸಿಡಲು ಹೇಳಿ, ಸಂಕೋಚ ಬೇಡ. ಕಾಗದವನ್ನು ಕಮೋಡಿನಲ್ಲೇ ಹಾಕಬಹುದು. ಒದ್ದೆ ವೈಪ್ಸ್ ಮಾತ್ರ ಹಾಕಬಾರದು, ಪೈಪು ಕಟ್ಟಿಕೊಳ್ಳುತ್ತದೆ. ಹೊರಗೆ ಹೋಗುವಾಗ ಚೀಲದಲ್ಲಿ ಒಂದು ಸಣ್ಣ ನೀರಿನ ಬಾಟಲಿ ಇರಲಿ. ಸಾರ್ವಜನಿಕ ಶೌಚಾಲಯಗಳು ಸಾಮಾನ್ಯವಾಗಿ ಸ್ವಚ್ಛವಾಗಿರುತ್ತವೆ, ದುಡ್ಡೂ ಕೊಡಬೇಕಿಲ್ಲ. ಆದರೆ ಬಾಗಿಲಿನ ಕೆಳಗೆ ಒಂದಡಿಯಷ್ಟು ಖಾಲಿ, ಪಕ್ಕದಲ್ಲಿ ಬೆರಳಗಲ ಸಂದು. ಯುರೋಪಿನಿಂದ ಬಂದವರೂ ಇದನ್ನು ನೋಡಿ ಹೌಹಾರುತ್ತಾರೆ. ಒಳಗೆ ಯಾರಾದರೂ ಇದ್ದಾರಾ ಅಂತ ಬಗ್ಗಿ ಕಾಲು ನೋಡಿದರೆ ಗೊತ್ತಾಗುತ್ತದೆ. ಸಂದಿನಲ್ಲಿ ಇಣುಕುವುದು ಮಾತ್ರ ಸಲ್ಲದು.

3. ಅಡುಗೆಮನೆ, ಒಗ್ಗರಣೆ, ಸಾಂಬ್ರಾಣಿ

ಪ್ರತಿ ಮನೆಯಲ್ಲೂ ಛಾವಣಿಗೆ ಹೊಗೆ ಪತ್ತೆಹಚ್ಚುವ ಅಲಾರಂ ಇರುತ್ತದೆ. ಅದಕ್ಕೆ ಬೆಂಕಿ ಯಾವುದು, ಒಣಮೆಣಸಿನಕಾಯಿ ಒಗ್ಗರಣೆ ಯಾವುದು ಅಂತ ಗೊತ್ತಾಗುವುದಿಲ್ಲ. ಕಿವಿ ಕಿತ್ತುಹೋಗುವ ಹಾಗೆ ಕೂಗಿಕೊಳ್ಳುತ್ತದೆ. ಮಲಗಿದ ಕೂಸು ಬೆಚ್ಚಿಬೀಳುತ್ತದೆ.

ತಪ್ಪಿಸುವುದು ಹೀಗೆ. ಬಾಣಲೆ ಒಲೆಗೆ ಇಡುವ ಮುಂಚೆಯೇ ಮೇಲಿನ ಚಿಮಣಿ ಫ್ಯಾನನ್ನು ಜೋರಾಗಿ ಹಾಕಿ. ಕಿಟಕಿ ತೆರೆಯಿರಿ. ಎಣ್ಣೆ ಹೊಗೆಯಾಡುವಷ್ಟು ಕಾಯಿಸಬೇಡಿ. ಇಲ್ಲಿನ ಕರೆಂಟ್ ಒಲೆಗಳು ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತವೆ, ಒಗ್ಗರಣೆ ಹಾಕಿದ ತಕ್ಷಣ ಬಾಣಲೆಯನ್ನು ಒಲೆಯಿಂದ ಇಳಿಸಿಬಿಡಿ. ಅಷ್ಟಾದರೂ ಕೂಗಿತು ಅನ್ನಿ, ಒಲೆ ಆರಿಸಿ, ಒಂದು ಟವೆಲ್ ತೆಗೆದುಕೊಂಡು ಅಲಾರಂ ಕೆಳಗೆ ಬೀಸಿ. ಹೊಗೆ ಚದುರಿದರೆ ಅದೇ ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ಆದರೆ ಕಾರಿಡಾರಿನ ಕಡೆಯ ಬಾಗಿಲು ಮಾತ್ರ ತೆರೆಯಬೇಡಿ. ಹೊಗೆ ಅಲ್ಲಿಗೆ ಹೋದರೆ ಇಡೀ ಕಟ್ಟಡದ ಅಲಾರಂ ಕೂಗಬಹುದು, ಅಗ್ನಿಶಾಮಕ ದಳದವರೂ ಬರಬಹುದು.

ಬಾಣಂತನಕ್ಕೆ ಬರುವ ಅಮ್ಮಂದಿರು ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಬೇಕು ಅಂತಾರೆ. ಮರದ ಮನೆಯಲ್ಲಿ, ಕಿಟಕಿ ಮುಚ್ಚಿದ ರೂಮಿನಲ್ಲಿ ಇದು ಬೇಡ ಅಂತಲೇ ನನ್ನ ಸಲಹೆ. ಅಲಾರಂ ಕೂಗುವುದು ಹಾಗಿರಲಿ, ಹೊಗೆ ಹೊರಗೆ ಹೋಗಲು ದಾರಿಯಿಲ್ಲದ ಕಡೆ ಎಳೆಕೂಸಿಗೆ ಅದು ಒಳ್ಳೆಯದಲ್ಲ. ಮಂಗಳಾರತಿಯ ಕರ್ಪೂರವನ್ನೂ ಅಲಾರಂ ಕೆಳಗೆ ಹಚ್ಚಬೇಡಿ.

ಹಾಗಂತ ಅಲಾರಂ ಕಿತ್ತಿಡುವುದಾಗಲಿ, ಅದಕ್ಕೆ ಪ್ಲಾಸ್ಟಿಕ್ ಕಟ್ಟಿ ಮರೆತುಬಿಡುವುದಾಗಲಿ ಬೇಡ. ಮರದ ಮನೆಗೆ ಬೆಂಕಿ ಬಿದ್ದರೆ ನಿಮಿಷಗಳ ಲೆಕ್ಕ. ಆ ಕಿರುಚಾಟವೇ ಜೀವ ಉಳಿಸುವುದು. ಆಗಾಗ ಒಂದೊಂದೇ ಸಲ "ಚಿಂವ್" ಅಂತಿದ್ದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಅಂತ ಅರ್ಥ.

ಕೆಲವು ಸಿಂಕಿನ ತೂತಿನೊಳಗೆ ಕಸ ಅರೆಯುವ ಯಂತ್ರ ಇರುತ್ತದೆ. ಸಾಮಾನ್ಯವಾಗಿ ಸಿಂಕಿನ ಹತ್ತಿರದ ಗೋಡೆಯಲ್ಲೇ ಅದರ ಸ್ವಿಚ್ಚು. ದೀಪದ ಸ್ವಿಚ್ಚು ಅಂದುಕೊಂಡು ಒತ್ತುವವರಿದ್ದಾರೆ. ಒಳಗೆ ಚಮಚ ಬಿದ್ದರೆ ಕೈ ಹಾಕಬೇಡಿ. ತೆಂಗಿನ ನಾರು, ಬಾಳೆಸಿಪ್ಪೆ, ಹುಣಸೆ ಚರಟ, ಉಳಿದ ಅನ್ನ ಯಾವುದನ್ನೂ ಅದಕ್ಕೆ ತಳ್ಳಬೇಡಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ತಣಿದ ಮೇಲೆ ಹಳೇ ಡಬ್ಬಿಗೆ ಹಾಕಿ ಮುಚ್ಚಿ ಕಸದ ಬುಟ್ಟಿಗೆ ಹಾಕಿ.

ಇನ್ನೊಂದು ಮಾತು ಸದ್ದಿನ ಬಗ್ಗೆ. ಮರದ ನೆಲದ ಮೇಲೆ ನಡೆದರೆ ಕೆಳಗಿನ ಮನೆಯವರಿಗೆ ಧಡಧಡ ಕೇಳುತ್ತದೆ. ನಮಗೆ ಬೆಳಿಗ್ಗೆ ಐದಕ್ಕೆ ಎಚ್ಚರ, ಕೈ ಸುಮ್ನಿರುವುದಿಲ್ಲ. ಆದರೂ ಚಟ್ನಿ ರುಬ್ಬುವುದನ್ನು ಎಂಟು ಗಂಟೆವರೆಗೆ ತಡೆದುಕೊಳ್ಳಿ. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗುವ ಮೊದಲು ಮಕ್ಕಳನ್ನು ಕೇಳಿ. ಬಹಳಷ್ಟು ಬಡಾವಣೆಗಳಲ್ಲಿ ಕಾಣುವ ಹಾಗೆ ಬಟ್ಟೆ ಹರವಬಾರದು ಅಂತ ಸಂಘದ ನಿಯಮವೇ ಇರುತ್ತದೆ. ಅಷ್ಟು ಒಳ್ಳೆಯ ಬಿಸಿಲನ್ನು ಬಿಟ್ಟು ಕರೆಂಟಿನಲ್ಲಿ ಒಣಗಿಸುವುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ನೋಟಿಸು ಬರುವುದು ನಿಮ್ಮ ಮಕ್ಕಳ ಹೆಸರಿಗೆ.

4. ಅಂಕಿಗಳು

ಇದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಬಿಡಿ. ಫ್ಯಾರನ್‌ಹೀಟ್ ಹೇಳಿದರೆ 30 ಕಳೆದು ಅರ್ಧ ಮಾಡಿ. 70 ಅಂದರೆ ಸುಮಾರು 20 ಡಿಗ್ರಿ, ಹಿತವಾದ ಹವೆ. 32ಕ್ಕೆ ನೀರು ಹೆಪ್ಪುಗಟ್ಟುತ್ತದೆ. ಒಂದು ಮೈಲಿ 1.6 ಕಿಲೋಮೀಟರ್, ಒಂದು ಪೌಂಡ್ ಅರ್ಧ ಕೆ.ಜಿ.ಗಿಂತ ಸ್ವಲ್ಪ ಕಮ್ಮಿ. ತಾರೀಖಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. 07/04 ಅಂದರೆ ಜುಲೈ 4. ಆಸ್ಪತ್ರೆಯಲ್ಲಿ ಜನ್ಮದಿನ ಬರೆಯುವಾಗ ಇದನ್ನು ಮರೆಯಬೇಡಿ. ನಮ್ಮ ಗ್ರೌಂಡ್ ಫ್ಲೋರ್ ಇಲ್ಲಿ ಸಾಮಾನ್ಯವಾಗಿ ಒಂದನೇ ಮಹಡಿ. ಮಾರ್ಚಿಯ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ಹವಾಯಿ ಮತ್ತು ಅರಿಜೋನಾದ ಬಹುಭಾಗ ಇದರಿಂದ ಹೊರಗೆ. ನ್ಯೂಜೆರ್ಸಿಯಲ್ಲಿದ್ದರೆ ಬೇಸಿಗೆಯಲ್ಲಿ ಊರಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಹನ್ನೆರಡೂವರೆ, ಹದಿಮೂರೂವರೆ.

5. ಹೊರಗೆ ಕಾಲಿಟ್ಟಾಗ

ಇಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ದಾಟುವಾಗ ಮೊದಲು ಎಡಕ್ಕೆ ನೋಡಿ, ಆಮೇಲೆ ಬಲಕ್ಕೆ, ಮತ್ತೊಮ್ಮೆ ಎಡಕ್ಕೆ. ನಮ್ಮ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಅದಕ್ಕೇ ಮೊದಲ ಕೆಲವು ದಿನ ಬೇಕೆಂದೇ ನಿಂತು ನೋಡಿ ದಾಟಿ. ಸಿಗ್ನಲ್ ಕಂಬದಲ್ಲಿ ಗುಂಡಿ ಇದ್ದರೆ ಒತ್ತಿ. ಕೆಲವು ಕಡೆ ಒತ್ತದಿದ್ದರೆ ನಡೆಯುವವರ ದೀಪ ಬರುವುದೇ ಇಲ್ಲ. ಬಿಳಿ ಮನುಷ್ಯನ ಚಿತ್ರ ಬಂದರೆ ಹೊರಡಿ. ಕೆಂಪು ಅಂಗೈ ಮಿನುಗುತ್ತಿದ್ದರೆ ಹೊಸದಾಗಿ ಹೊರಡಬೇಡಿ. ಸಿಗ್ನಲ್ ಕೆಂಪಿದ್ದರೂ ಒಮ್ಮೆ ನಿಂತು ನೋಡಿ ಬಲಕ್ಕೆ ತಿರುಗಲು ಬಹುತೇಕ ಕಡೆ ಗಾಡಿಗಳಿಗೆ ಅನುಮತಿ ಇದೆ. ಹಾಗಾಗಿ ಪಕ್ಕದಲ್ಲಿ ನಿಂತ ಕಾರಿನವರು ನಿಮ್ಮನ್ನು ನೋಡಿದರಾ ಅಂತ ಖಚಿತಮಾಡಿಕೊಳ್ಳಿ. ಹಾರ್ನ್ ಸದ್ದು ನಂಬಿಕೊಂಡು ನಡೆಯುವಂತಿಲ್ಲ. ಇಲ್ಲಿ ಹಾರ್ನ್ ಹೊಡೆಯುವುದೇ ಅಪರೂಪ.

ಹಳದಿ ಸ್ಕೂಲ್ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿ, ಪಕ್ಕದಿಂದ ಸ್ಟಾಪ್ ಫಲಕ ಚಾಚಿತು ಅಂದರೆ ಹಿಂದಿನ ಗಾಡಿಗಳೂ ಎದುರಿನವೂ ನಿಲ್ಲುತ್ತವೆ. ನಡುವೆ ವಿಭಜಕ ಇರುವ ದೊಡ್ಡ ರಸ್ತೆಯಲ್ಲಿ ಮಾತ್ರ ಎದುರಿನವರಿಗೆ ವಿನಾಯಿತಿ. ಒಂದು ಮಗು ಇಳಿಯಲಿ ಅಂತ ಎರಡೂ ಕಡೆಯ ಸಾಲು ಸಾಲು ಗಾಡಿಗಳು ಅಲ್ಲಾಡದೆ ನಿಲ್ಲುತ್ತವೆ. ಈ ದೇಶದಲ್ಲಿ ನನಗೆ ತುಂಬ ಇಷ್ಟವಾದ ರೂಢಿ ಇದು.

ಕಾರಿನಲ್ಲಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಎಷ್ಟೇ ಅತ್ತರೂ, ಹತ್ತಿರದ ಅಂಗಡಿಯೇ ಆದರೂ, ಅದಕ್ಕೆಂದೇ ಇರುವ ಸೀಟಿನಲ್ಲೇ ಬೆಲ್ಟ್ ಹಾಕಿ ಕೂರಿಸಬೇಕು. ಎಲ್ಲ ರಾಜ್ಯಗಳಲ್ಲೂ ಇದು ಕಾನೂನು. ಐದು ನಿಮಿಷದ ಕೆಲಸ ಅಂತ ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಟ್ಟು ಹೋಗಬೇಡಿ. ನೋಡಿದವರು ಪೊಲೀಸರಿಗೆ ಫೋನ್ ಮಾಡುತ್ತಾರೆ.

ದಾರಿಯಲ್ಲಿ ಎದುರಾದವರು ನಕ್ಕು "ಹಾಯ್, ಹೌ ಆರ್ ಯು" ಅಂತಾರೆ. ಉತ್ತರಕ್ಕೆ ಕಾಯದೆ ಹೋಗಿಯೂ ಬಿಡುತ್ತಾರೆ. ಅದು ನಮ್ಮಲ್ಲಿ ಕಾಫಿ ಆಯ್ತಾ ಅಂತ ಕೇಳಿದ ಹಾಗೆ. "ಗುಡ್, ಥ್ಯಾಂಕ್ ಯು" ಅಂದರೆ ಮುಗಿಯಿತು. ಮಂಡಿನೋವು, ಬಿ.ಪಿ. ಎಲ್ಲ ಹೇಳಲು ನಿಲ್ಲಬೇಕಿಲ್ಲ. ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲುತ್ತಾರೆ, ಥ್ಯಾಂಕ್ಸ್ ಹೇಳಿ ಒಳಗೆ ಹೋಗಿ, ನಿಮ್ಮ ಹಿಂದಿನವರಿಗೆ ನೀವೂ ಹಿಡಿಯಿರಿ. ಸಾಲಿನಲ್ಲಿ ಮುಂದಿನವರಿಂದ ಕೈಯಳತೆಯ ದೂರ ಇರಲಿ. ಬೇರೆಯವರ ಮಗು ಎಷ್ಟೇ ಮುದ್ದಾಗಿದ್ದರೂ ಕೆನ್ನೆ ಹಿಂಡಬೇಡಿ, ಫೋಟೋ ತೆಗೆಯಬೇಡಿ. ದೂರದಿಂದ ಕೈ ಬೀಸಿದರೆ ಅವರಿಗೂ ಖುಷಿ. ನಾಯಿ ಕಂಡರೆ ಹೆದರಿಕೆ ಇದ್ದರೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ನಿಲ್ಲಿ, ಹಗ್ಗ ಹಿಡಿದವರು ತಾವೇ ಬಿಗಿಹಿಡಿದುಕೊಂಡು ದಾಟುತ್ತಾರೆ.

ಎಲ್ಲಿಗೆ ಹೋಗುವುದು ಅಂತ ಕೇಳುವಿರಾದರೆ, ಊರಿನ ಪಬ್ಲಿಕ್ ಲೈಬ್ರರಿಗೆ ಹೋಗಿ. ಒಳಗೆ ಹೋಗಲು ದುಡ್ಡಿಲ್ಲ, ಕಾರ್ಡೂ ಬೇಕಿಲ್ಲ. ಎ.ಸಿ., ವೈಫೈ, ಪೇಪರು, ಮಕ್ಕಳ ಕತೆಯ ಸಮಯ ಎಲ್ಲ ಇರುತ್ತದೆ. ಎ.ಸಿ. ಎಲ್ಲ ಕಡೆ ನಡುಗುವಷ್ಟು ತಣ್ಣಗೆ ಇಟ್ಟಿರುತ್ತಾರೆ. ಹೊರಗೆ ಸುಡುಬಿಸಿಲು ಇದ್ದರೂ ಸ್ವೆಟರ್ ಕೈಯಲ್ಲಿರಲಿ.

6. ಅಂಗಡಿಯಲ್ಲಿ

ಚೀಟಿಯ ಮೇಲೆ 20 ಡಾಲರ್ ಅಂತಿದ್ದರೆ ನೀವು ಕೊಡುವುದು 20 ಅಲ್ಲ. ನಮ್ಮ ಎಂ.ಆರ್.ಪಿ. ಥರದ್ದು ಇಲ್ಲಿಲ್ಲ. ತೆರಿಗೆಯನ್ನು ಕೌಂಟರಿನಲ್ಲಿ ಸೇರಿಸುತ್ತಾರೆ. ರಾಜ್ಯಕ್ಕೊಂದು ದರ, ಅದರ ಮೇಲೆ ಜಿಲ್ಲೆಯದು, ಊರಿನದು. ಕ್ಯಾಲಿಫೋರ್ನಿಯಾದಲ್ಲಿ ಕಮ್ಮಿ ಅಂದರೂ ಶೇಕಡಾ 7.25, ಅಂದರೆ 20 ಡಾಲರಿನ ಬಾಣಲೆಗೆ 21.45 ಆಗುತ್ತದೆ. ಆರೆಗಾನ್, ಮಾಂಟಾನಾ, ನ್ಯೂ ಹ್ಯಾಂಪ್‌ಶೈರ್, ಡೆಲವೇರ್ ರಾಜ್ಯಗಳಲ್ಲಿ ಈ ತೆರಿಗೆ ಇಲ್ಲ. ಅಕ್ಕಿ ಬೇಳೆ ತರಕಾರಿಯಂಥ ಸಾಮಾನಿಗೆ ಬಹಳಷ್ಟು ರಾಜ್ಯಗಳಲ್ಲಿ ತೆರಿಗೆ ಹಾಕುವುದಿಲ್ಲ. ಕೈಯಲ್ಲಿ ಎಣಿಸಿಟ್ಟುಕೊಂಡ ದುಡ್ಡು ಸಾಲದೆ ಬಂದರೆ ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ.

ನಾಣ್ಯಗಳಲ್ಲಿ ಹತ್ತು ಸೆಂಟಿನ ಡೈಮ್ ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು. ಅದರ ಮೇಲೆ ಹತ್ತು ಅಂತ ಅಂಕಿಯೂ ಇರುವುದಿಲ್ಲ. 25 ಸೆಂಟಿನ ಕ್ವಾರ್ಟರ್‌ಗಳನ್ನು ಕೂಡಿಡಿ, ನಾಣ್ಯ ಹಾಕುವ ಬಟ್ಟೆ ಒಗೆಯುವ ಯಂತ್ರಗಳಿಗೆ ಅವೇ ಬೇಕು. ಚಲಾವಣೆಗೆಂದು ಒಂದು ಸೆಂಟಿನ ನಾಣ್ಯ ಟಂಕಿಸುವುದನ್ನು 2025ರ ನವೆಂಬರ್‌ನಲ್ಲಿ ನಿಲ್ಲಿಸಿದರು, ಹಳೆಯವು ನಡೆಯುತ್ತವೆ.

ಕೊಂಡ ವಸ್ತು ಇಷ್ಟವಾಗದಿದ್ದರೆ ರಸೀದಿ ತೋರಿಸಿ ವಾಪಸ್ ಕೊಡಬಹುದು. ಕಾರಣ ಕೇಳಿದರೂ "ಬೇಡ ಅನ್ನಿಸಿತು" ಅಂದರೆ ಸಾಕು, ದುಡ್ಡು ಕೊಡುತ್ತಾರೆ. ಎಷ್ಟು ದಿನದೊಳಗೆ ಅನ್ನುವುದು ಅಂಗಡಿಗೆ ತಕ್ಕ ಹಾಗೆ, ರಸೀದಿಯ ಹಿಂದೆ ಬರೆದಿರುತ್ತದೆ. ಆದರೆ ಎರಡು ತಿಂಗಳು ಬಳಸಿ, ಊರಿಗೆ ಹೊರಡುವ ಹಿಂದಿನ ದಿನ ವಾಪಸ್ ಕೊಡುವ ಅಭ್ಯಾಸ ನಮ್ಮವರಲ್ಲಿ ಕೆಲವರಿಗಿದೆ. ದಯವಿಟ್ಟು ಅದು ಬೇಡ. ನಂಬಿಕೆಯ ಮೇಲೆ ನಡೆಯುವ ಸೌಲಭ್ಯ ಅದು.

ಬಿಯರ್, ವೈನ್ ಕೊಳ್ಳಲು 21 ವರ್ಷ ಆಗಿರಬೇಕು. ತಲೆ ಪೂರ್ತಿ ನರೆತವರನ್ನೂ ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ.

7. ಹೋಟೆಲಿನಲ್ಲಿ, ಟಿಪ್ಸ್ ಲೆಕ್ಕ

ಒಳಗೆ ಹೋದ ತಕ್ಷಣ ಖಾಲಿ ಕುರ್ಚಿ ನೋಡಿ ಕೂರಬೇಡಿ. ಬಾಗಿಲ ಹತ್ತಿರ ನಿಲ್ಲಿ, ಅವರೇ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ಕೂತ ಕೂಡಲೇ ಲೋಟದ ತುಂಬ ಐಸ್ ಹಾಕಿದ ನೀರು ಬರುತ್ತದೆ, ಚಳಿಗಾಲದಲ್ಲೂ. "ನೋ ಐಸ್" ಅನ್ನಿ, ಬಿಸಿನೀರು ಬೇಕಾದರೆ "ಹಾಟ್ ವಾಟರ್" ಅನ್ನಿ, ಕೊಡುತ್ತಾರೆ. ಸಸ್ಯಾಹಾರಿಗಳು "ವೆಜಿಟೇರಿಯನ್" ಅಂದರೆ ಸಾಲದು. "ನೋ ಮೀಟ್, ನೋ ಚಿಕನ್, ನೋ ಫಿಶ್" ಅಂತ ಬಿಡಿಸಿ ಹೇಳಿ, ಮೊಟ್ಟೆ ತಿನ್ನದಿದ್ದರೆ "ನೋ ಎಗ್" ಕೂಡ. ತರಕಾರಿ ಸೂಪನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಮೆಕ್ಸಿಕನ್ ಹೋಟೆಲಿನ ಹುರುಳಿಕಾಯಿ ಬೀಜದ ಪಲ್ಯಕ್ಕೆ ಹಂದಿ ಕೊಬ್ಬು ಹಾಕಿರಬಹುದು. ಕೇಳಿದರೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳುತ್ತಾರೆ. ಇಬ್ಬರಿಗೆ ಒಂದು ಊಟ ತೆಗೆದುಕೊಂಡರೂ ಮಿಗುತ್ತದೆ. ಉಳಿದದ್ದಕ್ಕೆ "ಬಾಕ್ಸ್ ಪ್ಲೀಸ್" ಅನ್ನಿ. ಕಟ್ಟಿಸಿಕೊಂಡು ಹೋಗುವುದು ಇಲ್ಲಿ ಯಾರಿಗೂ ನಾಚಿಕೆಯ ವಿಷಯವಲ್ಲ.

ಇನ್ನು ಟಿಪ್ಸ್. ನಮ್ಮವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದು. ಬಿಲ್ಲಿನ ಮೇಲೆ ಇಷ್ಟೊಂದು ಯಾಕೆ ಕೊಡಬೇಕು ಅಂತ ಮನಸ್ಸು ಒಪ್ಪುವುದಿಲ್ಲ. ಕಾರಣ ಕೇಳಿ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಇಲ್ಲಿ ಗಂಟೆಗೆ ಕನಿಷ್ಠ ಕೂಲಿ 7.25 ಡಾಲರ್. ಆದರೆ ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಆ ಅಂಕಿ ಬದಲಾಗಿಲ್ಲ. ಮಿಕ್ಕದ್ದು ಗಿರಾಕಿಗಳ ಟಿಪ್ಸಿನಿಂದ ಬರಲಿ, ಬರದಿದ್ದರೆ ಮಾಲೀಕ ತುಂಬಿಕೊಡಲಿ ಅನ್ನುವುದು ಕಾನೂನು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳು ಪೂರ್ತಿ ಕೂಲಿ ಕೊಡಲೇಬೇಕು ಅನ್ನುತ್ತವೆ, ರೂಢಿ ಮಾತ್ರ ಅಲ್ಲೂ ಅದೇ. ಈ ಏರ್ಪಾಡು ನ್ಯಾಯ ಅಂತ ನಾನು ಹೇಳುವುದಿಲ್ಲ. ಸಂಬಳ ಕೊಡುವುದು ಮಾಲೀಕನ ಕೆಲಸ. ಆದರೆ ನಾವು ಟಿಪ್ಸ್ ಕೊಡದಿದ್ದರೆ ಮಾಲೀಕನಿಗೆ ಏನೂ ಆಗುವುದಿಲ್ಲ. ಬಡಿಸಿದ ಹುಡುಗಿಯ ಮನೆ ಬಾಡಿಗೆಗೆ ಹೊಡೆತ ಬೀಳುತ್ತದೆ.

ಲೆಕ್ಕ ಸುಲಭ. ಬಿಲ್ಲಿನಲ್ಲಿ ತೆರಿಗೆಗೆ ಮುಂಚಿನ ಮೊತ್ತ ನೋಡಿ. 40 ಡಾಲರ್ ಇದ್ದರೆ ಹತ್ತನೇ ಒಂದು ಭಾಗ 4, ಅದರ ಎರಡು ಪಟ್ಟು 8. ಶೇಕಡಾ 20 ಆಯಿತು. 18ರಿಂದ 20 ಈಗಿನ ವಾಡಿಕೆ. ಕಾರ್ಡಿನಲ್ಲಿ ಕೊಡುವುದಾದರೆ ಬಹಳ ಕಡೆ ಅವರು ಕಾರ್ಡನ್ನು ಒಳಗೆ ತೆಗೆದುಕೊಂಡು ಹೋಗುತ್ತಾರೆ, ಭಯ ಬೇಡ. ಎರಡು ಚೀಟಿ ತರುತ್ತಾರೆ. ಒಂದರಲ್ಲಿ ಟಿಪ್ ಅನ್ನುವ ಕಡೆ 8 ಬರೆದು, ಕೆಳಗೆ ಒಟ್ಟು ಮೊತ್ತ ಬರೆದು, ಸಹಿ ಹಾಕಿ ಮೇಜಿನ ಮೇಲೆ ಬಿಡಿ. ಇನ್ನೊಂದು ನಿಮಗೆ. ಬರೆಯುವ ಮುಂಚೆ ಬಿಲ್ಲನ್ನು ಪೂರ್ತಿ ಓದಿ. ಆರು ಜನಕ್ಕಿಂತ ಹೆಚ್ಚಿದ್ದರೆ "ಗ್ರ್ಯಾಚುಯಿಟಿ" ಅಂತ ಅವರೇ ಸೇರಿಸಿರುವುದುಂಟು, ಆಗ ಮತ್ತೆ ಕೊಡಬೇಕಿಲ್ಲ.

ಟ್ಯಾಕ್ಸಿ, ಕ್ಷೌರದಂಗಡಿ, ಮನೆಗೆ ಊಟ ತಂದುಕೊಡುವವರು, ಇವರಿಗೂ ಕೊಡುವ ರೂಢಿ ಇದೆ. ಲಾಡ್ಜಿನಲ್ಲಿ ರೂಮು ಗುಡಿಸುವವರಿಗೆ ದಿನಕ್ಕೆ ಕೆಲವು ಡಾಲರ್ ಇಟ್ಟು ಹೊರಡುತ್ತಾರೆ. ನಿಂತು ಕೊಂಡುಕೊಳ್ಳುವ ಕಾಫಿ ಕೌಂಟರಿನಲ್ಲಿ ಪರದೆ ತಿರುಗಿಸಿ 18, 20, 25 ಅಂತ ತೋರಿಸುತ್ತಾರಲ್ಲ, ಅಲ್ಲಿ ಕಡ್ಡಾಯವಿಲ್ಲ. "ನೋ ಟಿಪ್" ಒತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಅಂಗಡಿ, ಆಸ್ಪತ್ರೆ, ಸರ್ಕಾರಿ ಕಚೇರಿಯಲ್ಲಿ ಟಿಪ್ಸ್ ಕೊಡುವ ಮಾತೇ ಇಲ್ಲ.

8. ಯಾರಾದರೂ ಮನೆಗೆ ಕರೆದರೆ

"ಒಂದಿನ ಸೇರೋಣ" ಅಂದರೆ ಅದು ವಿಶ್ವಾಸದ ಮಾತು, ಕರೆ ಅಲ್ಲ. ತಾರೀಖು, ಗಂಟೆ ಹೇಳಿದರೆ ಮಾತ್ರ ಕರೆದ ಹಾಗೆ. ಬರುತ್ತೀರಾ ಇಲ್ಲವಾ ಅಂತ ಮುಂಚೆಯೇ ತಿಳಿಸಬೇಕು. ಹುಟ್ಟುಹಬ್ಬದ ಕಾರ್ಡಿನಲ್ಲಿ 2ರಿಂದ 5 ಅಂತಿದ್ದರೆ ಎರಡಕ್ಕೇ ಹೋಗಿ, ಐದಕ್ಕೆ ಹೊರಡಿ. ರಾತ್ರಿ ಊಟ ಅಂದರೂ ಸಂಜೆ ಆರಕ್ಕೇ ಇರಬಹುದು. ಪಾಟ್‌ಲಕ್ ಅಂದರೆ ಬಂದವರೆಲ್ಲ ಒಂದೊಂದು ಅಡುಗೆ ತರುವುದು. ನಿಮ್ಮ ಚಿತ್ರಾನ್ನ, ಮೊಸರನ್ನಕ್ಕೆ ಅಲ್ಲಿ ಒಳ್ಳೆಯ ಬೇಡಿಕೆ. ಏನೇನು ಹಾಕಿದ್ದೀರಿ ಅಂತ ಒಂದು ಚೀಟಿ ಬರೆದಿಡಿ. ಕಡಲೆಕಾಯಿ, ಗೋಡಂಬಿ ಇದ್ದರೆ ತಪ್ಪದೆ ಬರೆಯಿರಿ. ಅದರಿಂದ ಅಲರ್ಜಿಯಾಗಿ ಉಸಿರು ಕಟ್ಟುವ ಮಕ್ಕಳಿರುತ್ತಾರೆ.

ಅಲ್ಲಿ ಮಗನ ವಯಸ್ಸಿನವರೂ ನಿಮ್ಮನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅಗೌರವ ಅಂದುಕೊಳ್ಳಬೇಡಿ, ತಮ್ಮ ಆಫೀಸಿನ ಮೇಲಧಿಕಾರಿಯನ್ನೂ ಹಾಗೇ ಕರೆಯುತ್ತಾರೆ. ಸಂಬಳ ಎಷ್ಟು, ವಯಸ್ಸೆಷ್ಟು, ಮದುವೆ ಯಾಕಾಗಿಲ್ಲ, ಇವು ಕೇಳುವ ಪ್ರಶ್ನೆಗಳಲ್ಲ. ಹವೆ, ತೋಟ, ನಾಯಿ, ಅಡುಗೆ, ನಿಮ್ಮ ಊರು, ಎಷ್ಟು ಬೇಕಾದರೂ ಮಾತಾಡಿ. ಇನ್ನೂ ಸ್ವಲ್ಪ ಹಾಕಿಕೊಳ್ಳಿ ಅಂತ ಅವರು ಬಲವಂತ ಮಾಡುವುದಿಲ್ಲ. ಮೊದಲ ಸಲ ಬೇಡ ಅಂದರೆ ಬೇಡ ಅಂತಲೇ ತಿಳಿದು ಸುಮ್ಮನಾಗುತ್ತಾರೆ. ಹಸಿವಿದ್ದರೆ ಹಾಕಿಸಿಕೊಂಡುಬಿಡಿ.

ಬಾಯಿ ತುಂಬ ಕನ್ನಡ ಮಾತಾಡಬೇಕು ಅನ್ನಿಸಿದಾಗ ಹತ್ತಿರದ ಊರಿನ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ಹೋಗಿ. ನಿಮ್ಮಂತೆಯೇ ಬಂದಿರುವ ಅಪ್ಪ ಅಮ್ಮಂದಿರು ಅಲ್ಲಿ ಖಂಡಿತ ಸಿಗುತ್ತಾರೆ. ಫೋನ್ ನಂಬರ್ ತೆಗೆದುಕೊಳ್ಳಿ. ಬೆಳಗಿನ ವಾಕಿಂಗಿಗೆ ಜೊತೆಯಾಗುತ್ತದೆ.

9. ತೊಂದರೆ ಆದರೆ

ಕಾರಿನ ಹಿಂದೆ ಪೊಲೀಸ್ ದೀಪ ಮಿನುಗಿದರೆ ಡ್ರೈವರು ಬಲಬದಿಗೆ ನಿಲ್ಲಿಸುತ್ತಾರೆ. ಯಾರೂ ಕೆಳಗಿಳಿಯಬಾರದು. ನಮ್ಮಲ್ಲಿ ಇಳಿದು ಹೋಗಿ ಮಾತಾಡುವುದು ಮರ್ಯಾದೆ, ಇಲ್ಲಿ ಅದು ಅಪಾಯ. ಪೊಲೀಸರೂ ಬಂದೂಕು ಇರಬಹುದು ಅನ್ನುವ ಎಚ್ಚರದಲ್ಲೇ ಬರುತ್ತಾರೆ. ಕೈಗಳು ಕಾಣುವಂತಿರಲಿ, ಚೀಲಕ್ಕೆ ಕೈ ಹಾಕುವ ಮುಂಚೆ ಹೇಳಿ. ದುಡ್ಡು ಕೊಡುವ ಮಾತು ಬಾಯಲ್ಲೂ ಬರಬಾರದು, ಅದೇ ದೊಡ್ಡ ಅಪರಾಧ.

ಜ್ವರ, ಸಣ್ಣ ಗಾಯಕ್ಕೆ "ಅರ್ಜೆಂಟ್ ಕೇರ್" ಕ್ಲಿನಿಕ್ಕಿಗೆ ಹೋಗಿ, ಅಪಾಯಿಂಟ್‌ಮೆಂಟ್ ಇಲ್ಲದೆಯೂ ನೋಡುತ್ತಾರೆ. ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಬಿಲ್ಲು ಬಹಳ ಜಾಸ್ತಿ. ಆದರೆ ಎದೆನೋವು, ಬಾಯಿ ಸೊಟ್ಟಗಾಗುವುದು, ಉಸಿರಾಟದ ತೊಂದರೆ ಇದ್ದರೆ ಬಿಲ್ಲಿನ ಯೋಚನೆ ಮಾಡಬೇಡಿ. ಮಗನ ಮೀಟಿಂಗ್ ಮುಗಿಯಲಿ ಅಂತಲೂ ಕಾಯಬೇಡಿ. 911 ಒತ್ತಿ. ಪೊಲೀಸ್, ಆಂಬುಲೆನ್ಸ್, ಬೆಂಕಿ ಎಲ್ಲಕ್ಕೂ ಇದೊಂದೇ ನಂಬರ್. ಮೊದಲು ವಿಳಾಸ ಹೇಳಿ, ಆಮೇಲೆ ಏನಾಗಿದೆ ಅಂತ. ಇಂಗ್ಲಿಷ್ ಬಾರದಿದ್ದರೆ "ಕನ್ನಡ" ಅಥವಾ "ಹಿಂದಿ" ಅಂತ ಭಾಷೆಯ ಹೆಸರು ಹೇಳಿ. ಅನುವಾದಕರನ್ನು ಫೋನಿನಲ್ಲಿ ಸೇರಿಸಲು ಅವರು ಪ್ರಯತ್ನಿಸುತ್ತಾರೆ.

ಊರಿಗೆ ಫೋನ್ ಮಾಡುವಾಗ ನಮ್ಮ 91 ಒತ್ತಲು ಹೋಗಿ 911 ಒತ್ತಿಬಿಡುವುದು ಇಲ್ಲಿನ ಭಾರತೀಯರಲ್ಲಿ ಆಗುತ್ತಲೇ ಇರುತ್ತದೆ. ಹಾಗಾದರೆ ಹೆದರಿ ಫೋನ್ ಇಡಬೇಡಿ. ಇಟ್ಟರೆ ಅವರು ವಾಪಸ್ ಫೋನ್ ಮಾಡುತ್ತಾರೆ, ಪೊಲೀಸರನ್ನು ಮನೆಗೆ ಕಳಿಸಿದರೂ ಕಳಿಸಿದರೇ. "ಸಾರಿ, ರಾಂಗ್ ನಂಬರ್, ನೋ ಎಮರ್ಜೆನ್ಸಿ" ಅಂತ ಹೇಳಿ ಇಡಿ. ಮೊಬೈಲಿನಲ್ಲಿ ಸೊನ್ನೆಯನ್ನು ಒತ್ತಿಹಿಡಿದು ಪ್ಲಸ್ ಗುರುತು ಬಂದ ಮೇಲೆ 91 ಒತ್ತಿದರೆ ಈ ತಾಪತ್ರಯವಿಲ್ಲ.

ಮನೆಯ ವಿಳಾಸ, ಮಕ್ಕಳ ಇಬ್ಬರ ಫೋನ್ ನಂಬರ್, ವಿಮೆಯ ನಂಬರ್, ನೀವು ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಇಷ್ಟನ್ನು ಇಂಗ್ಲಿಷಿನಲ್ಲಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿದೆ ಅಂತ ಬಿಡಬೇಡಿ, ಬ್ಯಾಟರಿ ಮುಗಿದಾಗ ಬೇಕಾಗುವುದು ಆ ಕಾಗದವೇ. ಗಂಡ ಹೆಂಡತಿ ಇಬ್ಬರ ಹತ್ತಿರವೂ ಒಂದೊಂದು ಪ್ರತಿ ಇರಲಿ.